ನಲವತ್ತಮೂರನೇ ಕಂಬ

ಬೇಲಿಗೆ ಗುಂಡಿ ತೋಡಿದವಳು ಚಿನ್ನಕ್ಕ. ಗೇಟಿಗೆ ವೆಲ್ಡಿಂಗ್ ಮಾಡಿದವನು ಚಳ್ಳಕೆರೆಯ ರಸೂಲ್ ಸಾಬ್. ಈಗ ಒಳಗೆ ಕಾಲಿಡಬೇಕಾದರೆ ಇಬ್ಬರಿಗೂ ಪಾಸು ಬೇಕು.

ಪಾಸು ಸಿಕ್ಕಿದ್ದು ರಸೂಲ್ ಸಾಬಿಗೆ. ವನ್ಯಜೀವಿ ಸಂಶೋಧನಾ ಧಾಮದ ಜೀಪು ಕೆಟ್ಟಾಗಲೆಲ್ಲ ಅವನ ಗ್ಯಾರೇಜಿಗೇ ಬರುತ್ತಿತ್ತು. ವರ್ಷಕ್ಕೊಂದು ದಿನ ಸಾರ್ವಜನಿಕರನ್ನು ಒಳಗೆ ಬಿಡುತ್ತಾರಲ್ಲ, ಆ ದಿನಕ್ಕೆಂದು ಎರಡು ಪಾಸು ಕೊಟ್ಟಿದ್ದರು. "ನಂಗೆಲ್ಲಿ ಪುರುಸೊತ್ತು" ಎಂದು ಅವನು ಹೆಂಡತಿ ಗುಲ್ಷನ್ ಬೀ ಕೈಗೆ ಹಾಕಿದ. ಗುಲ್ಷನ್ ಬೀ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಚಿನ್ನಕ್ಕನಿಗೆ ಕೊಟ್ಟಳು. ಇಪ್ಪತ್ತು ವರ್ಷದಿಂದ ಅವರ ಮನೆಗೆ ಬಕ್ರೀದಿನ ಕುರಿ ಬರುವುದು ಚಿನ್ನಕ್ಕನ ಹಟ್ಟಿಯಿಂದ. ಪ್ರತಿ ವರ್ಷವೂ ಇಬ್ಬರೂ ಕುರಿಯ ಹಲ್ಲು ನೋಡಿ, ಬೆನ್ನು ತಡವಿ, ಜಗಳವಾಡಿ, ಇನ್ನು ನಿನ್ನ ಮುಖ ನೋಡುವುದಿಲ್ಲ ಎಂದು ಆಣೆ ಮಾಡಿ, ಆಮೇಲೆ ಒಂದೇ ಲೋಟದಿಂದ ಚಹಾ ಸುರಿದುಕೊಂಡು ಕುಡಿಯುತ್ತಿದ್ದರು. ಇಪ್ಪತ್ತು ವರ್ಷ ಹೀಗೆ ಜಗಳವಾಡಿದವರು ಅಕ್ಕತಂಗಿಯರಾಗದೆ ಇನ್ನೇನಾಗುತ್ತಾರೆ!

ಚಿನ್ನಕ್ಕನಿಗೆ ಪ್ರಾಣಿ ನೋಡುವ ಹುಚ್ಚೇನೂ ಇರಲಿಲ್ಲ. ರಾಂಪುರದ ಕಡೆಯಿಂದ ದೊಡ್ಡಉಳ್ಳಾರ್ತಿಯ ಪಕ್ಕದ ಹಟ್ಟಿಗೆ ಸೊಸೆಯಾಗಿ ಬಂದ ಮರುದಿನದಿಂದ ಕಾವಲಿನಲ್ಲಿ, ಈಗ ಧಾಮವಾಗಿರುವ ಆ ಹುಲ್ಲುಬಯಲಿನಲ್ಲಿ, ಕುರಿ ಕಾಯ್ದವಳು ಅವಳು. ತೋಳಕ್ಕೆ ಕಲ್ಲು ಬೀಸಿ ಓಡಿಸಿದವಳು. ಜಿಂಕೆಗಳು ಅವಳ ಕುರಿಗಳ ಪಕ್ಕದಲ್ಲೇ ಮೇಯುತ್ತಿದ್ದವು, ಅವಳನ್ನು ಕಂಡು ಕತ್ತು ಕೂಡ ಎತ್ತುತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದು ಒಂದು ದಾರಿ.

ಹಟ್ಟಿ ಇರುವುದು ಕಾವಲಿನ ಪಡುವಣಕ್ಕೆ. ನೀರಿರುವ ಗೋಕಟ್ಟೆ ಮೂಡಣಕ್ಕೆ. ಮೊದಲೆಲ್ಲ ಬಾಯಿಗೆ ಎಲೆ ಅಡಿಕೆ ಹಾಕಿಕೊಂಡು ಹೊರಟರೆ ರಸ ಮುಗಿಯುವ ಹೊತ್ತಿಗೆ ಕುರಿಗಳು ನೀರಿಗೆ ಮೂತಿ ಹಾಕುತ್ತಿದ್ದವು. ಆರು ವರ್ಷದ ಹಿಂದೆ ಬೇಲಿ ಬಂತು. ತೆಂಕಲಿಂದ ಬಡಗಲವರೆಗೆ ಉದ್ದಕ್ಕೆ ಕಾಲು ಚಾಚಿ ಮಲಗಿತು. ಈಗ ಅದನ್ನು ಸುತ್ತಿಕೊಂಡು ಡಾಂಬರು ರಸ್ತೆಯಲ್ಲಿ ಎಂಟು ಕಿಲೋಮೀಟರು ನಡೆದರೆ ಗೋಕಟ್ಟೆ. ಬರುವಾಗ ಮತ್ತೆ ಎಂಟು. ಮರಿಗಳ ಗೊರಸು ಬೆಂದು ಕುಂಟುತ್ತಿದ್ದವು. ಕುಂಟಿದ್ದನ್ನು ಹೆಗಲಿಗೆ ಹಾಕಿಕೊಳ್ಳಬೇಕು. ಹೋದ ಬೇಸಗೆಯಲ್ಲಿ ಒಂದು ಲಾರಿ ಮಂದೆಯ ಮೇಲೆ ನುಗ್ಗಿತು. ಐದು ಕುರಿ ಸತ್ತವು. ಗಬ್ಬದ ಕುರಿಯೊಂದು ಬೇಗ ಸಾಯಲಿಲ್ಲ. ಚಿನ್ನಕ್ಕ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಡುರಸ್ತೆಯಲ್ಲಿ ಕೂತಿದ್ದಳು. ಹಿಂದೆ ನಿಂತಿದ್ದ ಬಸ್ಸಿನವನು ಹಾರನ್ ಒತ್ತುತ್ತಲೇ ಇದ್ದ.

ಅವತ್ತೇ ಅರ್ಜಿ ಬರೆಸಿದಳು. ಮೇಯಿಸುವುದಿಲ್ಲ, ನಿಲ್ಲಿಸುವುದಿಲ್ಲ, ಹಳೇ ದಾರಿಯಲ್ಲಿ ದಾಟಿಸಿಕೊಂಡು ಹೋಗುತ್ತೇವೆ, ಅಷ್ಟು ಬಿಡಿ ಅಂತ. ಮೂರು ತಿಂಗಳಿಗೆ ಧಾಮದ ನಿರ್ದೇಶಕರ ಉತ್ತರ ಬಂತು. 'ಸದರಿ ಪ್ರದೇಶದಲ್ಲಿ ಯಾವುದೇ ದಾರಿ ಇದ್ದ ಬಗ್ಗೆ ಪುರಾವೆ ಇರುವುದಿಲ್ಲ.' ಆ ಕಾಗದ ನಾಲ್ಕು ಮಡಿಕೆಯಾಗಿ ಅವಳ ಎಲೆಅಡಿಕೆ ಸಂಚಿಯಲ್ಲಿತ್ತು. ಸುಣ್ಣ ತಾಗಿ ಒಂದು ಮೂಲೆ ತೂತಾಗಿತ್ತು.

ಹೊರಡುವ ಮುಂಚೆ ಅವಳು ಗಂಡನಿಗೆ ಹೇಳಿದಳು: "ಕುರಿ ಹೊಡ್ಕಂಡು ನಲವತ್ಮೂರನೇ ಕಂಬದತ್ರ ನಿಂತಿರು."

"ಯಾಕೆ?"

"ಸುಮ್ನೆ ನಿಂತಿರು ಅಂದ್ರೆ ನಿಂತಿರು."

ಅವನ ಹೆಸರು ಉಗ್ರಪ್ಪ. ಮರಿಗೂ ಗದರದ ಮನುಷ್ಯನಿಗೆ ಆ ಹೆಸರಿಟ್ಟವರು ಯಾರೋ. ಸುಮ್ಮನೆ ನಿಲ್ಲುವುದು ಅವನಿಗೆ ಬಹಳ ಚೆನ್ನಾಗಿ ಬರುತ್ತಿತ್ತು.

ಕಂಬದ ಲೆಕ್ಕ ಚಿನ್ನಕ್ಕನಿಗೆ ಬಾಯಿಪಾಠ. ಬೇಲಿ ಹಾಕುವಾಗ ಹಟ್ಟಿಯವರೆಲ್ಲ ಕೂಲಿಗೆ ಹೋಗಿದ್ದರು. ಕಾವಲಂತೂ ಹೋಯಿತು, ಕೂಲಿಯಾದರೂ ಸಿಗಲಿ ಅಂತ. ತಮ್ಮನ್ನು ಹೊರಗಿಡುವ ಬೇಲಿಗೆ ತಾವೇ ಗುಂಡಿ ತೋಡಿದರು. ನೆನೆಸಿಕೊಂಡರೆ ಅವಳಿಗೆ ಈಗಲೂ ಮೈ ಹಿಡಿಯಾಗುತ್ತದೆ, ಮರುಗಳಿಗೆಗೆ ಸಿಟ್ಟು ಏರುತ್ತದೆ. ಮೊಣಕಾಲು ಆಳದ ಗುಂಡಿ. ದಿನಕ್ಕೆ ಹನ್ನೆರಡು. ಅಂಗೈಯ ಬೊಬ್ಬೆ ಒಡೆದು ಹಾರೆ ಜಾರುತ್ತಿತ್ತು. ನಲವತ್ತಮೂರನೆಯದರಲ್ಲಿ ಹಾರೆ ಠಣ್ ಎಂದಿತು. ಕೆಳಗೆ ಹಾಸುಬಂಡೆ. ನಾಲ್ಕು ಬೆರಳು ಆಳವೂ ಇಲ್ಲ. ಮುಂದಿನ ಎರಡೂ ಹಾಗೇ.

"ಸ್ವಾಮಿ, ಇಲ್ಲಿ ಕಂಬ ನಿಲ್ಲಾಕಿಲ್ಲ" ಎಂದಳು.

"ನಿಂಗೇನ್ ಗೊತ್ತು ಇಂಜಿನಿಯರ್ ಕೆಲಸ? ಸಿಮೆಂಟ್ ಮೆತ್ತು" ಎಂದ ಕಂಟ್ರಾಕ್ಟರು.

ಮೆತ್ತಿದಳು.

ಸಂಕ್ರಾಂತಿ ಕಳೆದ ಮೊದಲ ಭಾನುವಾರ ಗುಲ್ಷನ್ ಬೀ ಚಳ್ಳಕೆರೆಯಿಂದ ಬಸ್ಸಿನಲ್ಲಿ ಬಂದಿಳಿದಳು. ಚಿನ್ನಕ್ಕ ಎಂಟು ಕಿಲೋಮೀಟರು ಸುತ್ತಿ, ನಡೆದೇ ಬಂದಿದ್ದಳು. ಗೋಕಟ್ಟೆಯ ನೀರು ಗೇಟಿನೆದುರಿಗೇ ಹೊಳೆಯುತ್ತಿತ್ತು. ಗೇಟಿನಲ್ಲಿ ಕಾವಲಿಗಿದ್ದವನು ಚಿನ್ನಯ್ಯ, ಚಿನ್ನಕ್ಕನ ಸ್ವಂತ ಮೈದುನ. ಎರಡಾಳು ಹಿಡಿಯುವ ನೀಲಿ ಅಂಗಿಯೊಳಗೆ ನಿಂತಿದ್ದ.

"ಹೆಸ್ರು?" ಎಂದ, ಪುಸ್ತಕದಿಂದ ತಲೆ ಎತ್ತದೆ.

"ನಿನ್ ಮದುವೇಲಿ ನಿಂಗೆ ಅರಿಶಿನ ಹಚ್ಚಿದೋಳು ಕಣಯ್ಯ. ಬರ್ಕೋ."

"ಅತ್ತಿಗೆ, ಮೇಲೆ ಕ್ಯಾಮೆರಾ ಐತೆ. ನಗಿಸ್ಬ್ಯಾಡ" ಎಂದು ಪಿಸುಗುಟ್ಟಿ, ಮತ್ತೆ ಗಟ್ಟಿಯಾಗಿ, "ಭೇಟಿಯ ಉದ್ದೇಶ?" ಎಂದ.

"ಮನೆ ಬಿಟ್ಟು ಆರು ವರ್ಷ ಆತು. ಹೆಂಗೈತೆ ಅಂತ ನೋಡ್ಕಂಡು ಹೋಗಾಕೆ."

ಚಿನ್ನಯ್ಯ ಏನು ಬರೆದನೋ ಗೊತ್ತಿಲ್ಲ. ಒಳಗೆ ಎರಡು ಸಾಲು ಮಾಡಿದ್ದರು. ಒಂದರ ಮೇಲೆ 'ಸಾರ್ವಜನಿಕರು' ಅಂತ ಬೋರ್ಡು. ಇನ್ನೊಂದರ ಮೇಲೆ 'ಕುರಿ, ಮೇಕೆ, ದನಗಳ ಸಂಪರ್ಕ ಇರುವವರು' ಅಂತ. ಮೊದಲನೇ ಸಾಲಿನಲ್ಲಿ ಬ್ಯಾಂಕಿನವರು, ಮೇಷ್ಟರುಗಳು, ಅವರ ಹೆಂಡತಿ ಮಕ್ಕಳು, ಇಪ್ಪತ್ತೈದು ಮೂವತ್ತು ಜನ. ಎರಡನೆಯದರಲ್ಲಿ ಚಿನ್ನಕ್ಕ ಒಬ್ಬಳೇ. ಅವಳ ಕೋಲು ಇಸಿದುಕೊಂಡರು. ಹೆಗಲ ಮೇಲಿನ ಕಂಬಳಿ ಇಸಿದುಕೊಂಡು, ಎರಡು ಬೆರಳಲ್ಲಿ ಹಿಡಿದು, ಗೂಟಕ್ಕೆ ನೇತುಹಾಕಿದರು. ಕಂಬಳಿಯಿಂದ ರೋಗ ಬರುತ್ತದಂತೆ. ಗುಲಾಬಿ ಬಣ್ಣದ ಔಷಧಿ ನೀರಿನ ತೊಟ್ಟಿಯಲ್ಲಿ ಕಾಲಿಟ್ಟು ನಿಲ್ಲಿಸಿದರು. ಮೊದಲನೇ ಸಾಲಿನವರು ಬೂಟು ಹಾಕಿಕೊಂಡೇ ಒಳಗೆ ಹೋದರು. ಹೋಗುವಾಗ ಒಬ್ಬ ಹೆಂಗಸು ತೊಟ್ಟಿಯಲ್ಲಿ ನಿಂತವಳನ್ನು ಮೊಬೈಲಿನಲ್ಲಿ ಹಿಡಿದುಕೊಂಡಳು.

ಚಿನ್ನಕ್ಕನ ಮುಖ ಬಿಸಿಯಾಯಿತು. ಕಾಲು ತಣ್ಣಗಿತ್ತು.

"ಅರೇ, ಇದೇನ್ರೀ ಇದು?" ಎಂದು ಗುಲ್ಷನ್ ಬೀ ಜೋರು ಮಾಡಿದಳು. "ನಾನು ದಿನಾ ಮಟನ್ ಮಾಡ್ತೀನಿ. ನಂದೂ ಕುರಿ ಸಂಪರ್ಕನೇ!" ಚಪ್ಪಲಿ ಬಿಟ್ಟು, ಬುರ್ಖಾ ಮೇಲೆತ್ತಿ ಹಿಡಿದು, ತೊಟ್ಟಿಗೆ ಇಳಿದೇಬಿಟ್ಟಳು. ಇಬ್ಬರೂ ನೀರಲ್ಲಿ ನಿಂತು ಒಬ್ಬರನ್ನೊಬ್ಬರು ನೋಡಿ ಕಿಸಕ್ಕನೆ ನಕ್ಕರು.

"ಇನ್ನೊಂದ್ ರೂಲ್ಸ್ ಐತೆ" ಎಂದ ಚಿನ್ನಯ್ಯ, ಗೋಡೆಯ ಬೋರ್ಡು ತೋರಿಸಿ. "ಇಲ್ಲಿಂದ ಒಂದು ಹುಲ್ಲಿನ ಬೀಜನೂ ಹೊರಗ್ ಹೋಗಂಗಿಲ್ಲ. ಬಟ್ಟೆಗೆ ಅಂಟಿರೋದ್ನ ಹೋಗೋವಾಗ ಬಿಡಿಸಿ ಡಬ್ಬಿಗೆ ಹಾಕ್ಬೇಕು. ಯಾರೂ ಹಾಕ್ಲಿಲ್ಲ ಅಂದ್ರೆ ನಾನೇ ಕೂತು ಬಿಡಿಸ್ಬೇಕು."

"ಓದಿ ಸಾಹೇಬ ಆಗ್ತೀನಿ ಅಂತಿದ್ದೆ. ಇದೇ ಏನು?" ಎಂದಳು ಚಿನ್ನಕ್ಕ.

"ಸುಮ್ಕಿರು ಅತ್ತಿಗೆ" ಎಂದ ಚಿನ್ನಯ್ಯ. ಅವನ ಕಾಲಿಗೂ ಗುಲಾಬಿ ಬಣ್ಣ ಹತ್ತಿತ್ತು.

ಒಳಗೆ ಎಲ್ಲರನ್ನೂ ಕರೆದೊಯ್ಯಲು ವಾಣಿಶ್ರೀ ಎಂಬ ಹುಡುಗಿ ನಿಂತಿದ್ದಳು. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಏಕಾಂತಪ್ಪನವರ ಮಗಳು, ಹುಲ್ಲಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಹುಲ್ಲಿನ ಮೇಲೆ ಏನು ಓದುವುದಿರುತ್ತದೋ ಎಂದು ಚಿನ್ನಕ್ಕನಿಗೆ ನಗು. ಕುರಿ ಓದಿದ್ದಷ್ಟು ಯಾರು ಓದಿಯಾರು!

ಮೊದಲ ಬೋರ್ಡನ್ನು ಗುಲ್ಷನ್ ಬೀ ಗಟ್ಟಿಯಾಗಿ ಓದಿದಳು. ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಕಲಿತವಳು. ಓದಲು ಸಿಕ್ಕಿದ್ದನ್ನೆಲ್ಲ ಊರಿಗೇ ಕೇಳುವಂತೆ ಓದುತ್ತಿದ್ದಳು. "ಧಾಮದ ಸ್ಥಾಪನೆಗೆ ಮೊದಲು ಇದು ಬಳಕೆಯಿಲ್ಲದ ಪಾಳು ಭೂಮಿಯಾಗಿತ್ತು."

"ಈ ಪಾಳಿನಾಗೇ ನನ್ ದೊಡ್ಡ ಮಗಳು ಹುಟ್ಟಿದ್ದು" ಎಂದಳು ಚಿನ್ನಕ್ಕ. "ಅಗೋ, ಆ ಬಾರೆ ಗಿಡದ ಬುಡದಾಗೆ. ಕುಡುಗೋಲಲ್ಲಿ ಹೊಕ್ಕಳಬಳ್ಳಿ ಕುಯ್ದು, ಮಗೂನ ಕಂಬಳಿಯಾಗೆ ಸುತ್ಕಂಡು ಕುರಿ ಹೊಡ್ಕಂಡು ಮನೆಗ್ ಬಂದೆ. ಬಳಕೆ ಇಲ್ಲ ಅಂತ ಬರ್ದವ್ನು ಯಾರವ್ವ?"

ವಾಣಿಶ್ರೀ ಬೋರ್ಡು ನೋಡಿದಳು, ಬಾರೆ ಗಿಡ ನೋಡಿದಳು. "ಮುಂದೆ ಬನ್ನಿ" ಎಂದಳು.

ಮುಂದೆ ಫೋಟೋಗಳಿದ್ದವು. ಬೇಲಿಯ ಹತ್ತಿರ ಮರೆಯಲ್ಲಿಟ್ಟ ಕ್ಯಾಮೆರಾಗಳು ತಾವೇ ತೆಗೆದ ಚಿತ್ರಗಳು. ತೋಳ, ನರಿ, ಮುಳ್ಳುಹಂದಿ, ಗೌಜಲಕ್ಕಿ. ಪ್ರತಿಯೊಂದರ ಕೆಳಗೆ ಹೆಸರು. ಕೊನೆಯ ಚಿತ್ರದಲ್ಲಿ ಬೇಲಿಯ ಆಚೆ ಪೊದೆಯ ಮರೆಗೆ ಯಾರೋ ಕುಕ್ಕರುಗಾಲಲ್ಲಿ ಕೂತಿದ್ದರು. ಪಕ್ಕದಲ್ಲಿ ಚೊಂಬು. ಬೆನ್ನು ಮಾತ್ರ ಕಾಣುತ್ತಿತ್ತು. ಆದರೆ ಆ ಕೆಂಪು ರುಮಾಲಿನ ಸುತ್ತು ಚಿನ್ನಕ್ಕನಿಗೆ ಗೊತ್ತಿಲ್ಲವೇ!

"ಗುಲ್ಷನಮ್ಮ, ಇದ್ರ ಕೆಳಗೆ ಏನಂತ ಬರ್ದವ್ರೆ ಓದು."

"ಮಾನವ ಹಸ್ತಕ್ಷೇಪ."

ಚಿನ್ನಕ್ಕ ಸೆರಗು ಬಾಯಿಗೆ ಹಿಡಿದಳು. "ಗಂಡನ ಹೆಸ್ರು ಬಾಯ್ಬಿಟ್ಟು ಹೇಳಬಾರ್ದು ಅಂತ ಇಷ್ಟು ವರ್ಷ ಒದ್ದಾಡಿದ್ದೆ. ಇನ್ ಮೇಲೆ ಕೇಳಿದೋರಿಗೆ ಇದನ್ನೇ ಹೇಳ್ತೀನಿ."

ಗುಲ್ಷನ್ ಬೀ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಮೇಷ್ಟರೊಬ್ಬರೂ ನಕ್ಕುಬಿಟ್ಟರು. ಚಿನ್ನಕ್ಕ ಮಾತ್ರ ಆ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಂತಳು. ನರಿಗೆ ನರಿ ಅಂತ ಬರೆದಿದ್ದಾರೆ. ತೋಳಕ್ಕೆ ತೋಳ ಅಂತ. ಕಾವಲಲ್ಲೇ ಹುಟ್ಟಿ ಅಲ್ಲೇ ಮುದುಕನಾದ ಗಂಡಸಿಗೆ ಹೆಸರಿಲ್ಲ, ಅವನ ಮಾನ ಮಾತ್ರ ಗೋಡೆಗೆ ನೇತುಬಿದ್ದಿದೆ. ಅವಳು ಬೆರಳು ಹಾಕಿ ಆ ಚಿತ್ರವನ್ನು ಪರ್ರನೆ ಕಿತ್ತು, ಮಡಿಸಿ, ಸಂಚಿಗೆ ಹಾಕಿಕೊಂಡಳು. ವಾಣಿಶ್ರೀ ನೋಡಿದಳು. ನೋಡದವಳಂತೆ ಬೇರೆ ಕಡೆ ತಿರುಗಿದಳು.

ಅಲ್ಲಿಂದ ಬಯಲು. ಸೊಂಟದುದ್ದ ಹುಲ್ಲು ಬೆಳೆದು, ಯಾರೂ ಮೇಯದೆ, ಒಣಗಿ, ಅದರ ಮೇಲೆ ಅದೇ ಬಿದ್ದು ಕೊಳೆತಿತ್ತು. ಒಂದು ಜಿಂಕೆ ನೋಡಲು ಎಲ್ಲರೂ ದುರ್ಬೀನಿಗೆ ಸಾಲು ನಿಂತರು. ಚಿನ್ನಕ್ಕ ಬರಿಗಣ್ಣಲ್ಲಿ ಏಳು ಎಣಿಸಿದಳು. ಮೊದಲು ಎಪ್ಪತ್ತು ಇರುತ್ತಿದ್ದವು.

ಬಯಲಿನ ನಡುವೆ ವಾಣಿಶ್ರೀ ಎಲ್ಲರನ್ನೂ ನಿಲ್ಲಿಸಿದಳು. "ಇಲ್ಲೊಂದು ಆಶ್ಚರ್ಯ ಇದೆ ನೋಡಿ. ನಮ್ಮ ಧಾಮದ ಅತಿ ದೊಡ್ಡ ಶೋಧ ಇದು."

ಎದುರಿಗೆ ಎರಡು ಮಾರು ಅಗಲಕ್ಕೆ, ಪಡುವಣ ಬೇಲಿಯಿಂದ ಹೊರಟು ಗೇಟಿನವರೆಗೆ, ಒಂದೇ ಜಾತಿಯ ಹುಲ್ಲು ಗೆರೆ ಎಳೆದಂತೆ ಬೆಳೆದಿತ್ತು. ಅಂಟುಹುಲ್ಲು. ಅದರ ಬೀಜಕ್ಕೆ ಸಣ್ಣ ಸಣ್ಣ ಕೊಕ್ಕೆಗಳು. ತಾಗಿದರೆ ಸಾಕು, ಬಟ್ಟೆ ಹಿಡಿದುಕೊಳ್ಳುತ್ತದೆ. ಮಿಕ್ಕ ಕಾವಲಿನಲ್ಲಿ ಅಲ್ಲೊಂದು ಇಲ್ಲೊಂದು, ಇಲ್ಲಿ ಮಾತ್ರ ಒತ್ತೊತ್ತಾಗಿ. ಮೇಲಿನಿಂದ ಡ್ರೋನು ತೆಗೆದ ಚಿತ್ರದಲ್ಲಿ ಅದು ಬೈತಲೆಯ ಹಾಗೆ ಕಾಣುತ್ತಿತ್ತು.

"ಯಾರೂ ಬಿತ್ತಿಲ್ಲ, ಆದರೂ ಇಷ್ಟು ನೇರವಾಗಿ ಬೆಳೆದಿದೆ. ಯಾಕೆ ಅಂತ ಎರಡು ವರ್ಷದಿಂದ ತಲೆ ಕೆಡಿಸಿಕೊಂಡಿದ್ದೇವೆ. ಜಿಂಕೆಗಳ ದಾರಿ ಇರಬಹುದು ಅಂತ ವರದಿ ಬರೆದಿದ್ದೇನೆ, ಆದರೂ ಪೂರ್ತಿ ಖಾತ್ರಿ ಇಲ್ಲ" ಎಂದಳು ವಾಣಿಶ್ರೀ. ಎಲ್ಲರೂ ಗೆರೆಯ ಜಾಡು ಹಿಡಿದು ನಡೆದರು. ಬಟ್ಟೆಗೆಲ್ಲ ಬೀಜ ಅಂಟಿತು. ಬ್ಯಾಂಕಿನವರು ಛೆ ಛೆ ಎಂದು ಪ್ಯಾಂಟು ಕೊಡವಿದರು.

ಚಿನ್ನಕ್ಕನ ಕಾಲಿಗೆ ಆ ನೆಲದ ಗುರುತಿತ್ತು. ಅವಳು ಗುಂಪಿನ ಹಿಂದೆ, ಕುರಿಗಳ ಹಿಂದೆ ನಡೆಯುವಂತೆ, ನಿಧಾನವಾಗಿ ನಡೆದಳು. ಅವಳಿಗೇ ಗೊತ್ತಿಲ್ಲದೆ ಅವಳ ಎರಡು ಬೆರಳು ಸೀರೆಯ ಅಂಚಿನಿಂದ ಬೀಜ ಬಿಡಿಸಿ ಬಿಡಿಸಿ ಕಾಲಡಿಗೆ ಹಾಕುತ್ತಿದ್ದವು. ಬಿಡಿಸುವುದು, ಹಾಕುವುದು, ಒಂದು ಹೆಜ್ಜೆ. ಬಿಡಿಸುವುದು, ಹಾಕುವುದು.

ವಾಣಿಶ್ರೀ ತಿರುಗಿ ನೋಡಿದಳು. ನಿಂತಳು.

"ಅಮ್ಮಾ, ಏನು ಮಾಡ್ತಾ ಇದೀರಿ?"

"ಏನ್ ಮಾಡ್ದೆ?" ಚಿನ್ನಕ್ಕ ಕೈ ನೋಡಿಕೊಂಡಳು. "ಓ, ಇದಾ? ಇದು ಕೈಗೆ ಬಿದ್ದ ಅಭ್ಯಾಸ ಕಣವ್ವ. ಮಂದೆ ಹಿಂದೆ ನಡಿಯೋಳ ಕೈ ಸುಮ್ನಿರಬಾರ್ದು ಅಂತ ನಮ್ಮತ್ತೆ ಹೇಳ್ಕೊಟ್ಟಿದ್ದು. ಕಾವಲಲ್ಲಿ ಅಂಟಿದ್ನ ಹಟ್ಟಿಗೆ ಒಯ್ಯಬಾರ್ದು, ಕುರಿ ಮೈಯಿಂದ, ಕಂಬಳಿಯಿಂದ ಬಿಡಿಸಿ ದಾರಿಗೇ ಹಾಕ್ಬೇಕು. ಇಲ್ಲಾಂದ್ರೆ ಉಣ್ಣೆ ಕೆಡ್ತೈತೆ, ಮರಿ ಬಾಯಿಗೆ ಚುಚ್ಚುತೈತೆ. ನಮ್ಮತ್ತೆಗೆ ಅವರತ್ತೆ ಹೇಳಿದ್ದು."

"ಎಷ್ಟು ವರ್ಷದಿಂದ?"

"ನಂದು ಮೂವತ್ತೈದು. ನಮ್ಮತ್ತೇದು, ಅವರತ್ತೇದು ಸೇರ್ಸು. ಲೆಕ್ಕ ನಿಂಗೆ ಬರ್ತೈತೆ."

ಹುಡುಗಿ ಬಗ್ಗಿ ಚಿನ್ನಕ್ಕನ ಕಾಲಡಿಯ ಬೀಜವೊಂದನ್ನು ಎತ್ತಿಕೊಂಡಳು. ಎರಡು ವರ್ಷದ ತಲೆನೋವು ಎರಡು ಬೆರಳಲ್ಲಿ ಬಿಡಿಸಿಹೋಗಿತ್ತು. ಅವಳು ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಜೀಪು ಬಂದು ನಿಂತಿತು.

ಇಳಿದವರು ನಿರ್ದೇಶಕ ವಿಶ್ವನಾಥ್. ತಲೆಗೆ ದೊಡ್ಡ ಟೊಪ್ಪಿ, ಹಿಂದೆ ಇಬ್ಬರು ಪತ್ರಿಕೆಯವರು, ಒಂದು ತಟ್ಟೆಯಲ್ಲಿ ಶಾಲುಗಳು. ಬಂದವರಲ್ಲಿ ಗಣ್ಯರಿಗೆ ಹೊದಿಸಲು ತಂದದ್ದು. ಅವರು ಗೆರೆಯ ಮೇಲೆ ನಿಂತು ಕೈ ಬೀಸಿದರು.

"ಇದೇ ನೋಡಿ! ನಿಸರ್ಗದ ರಹಸ್ಯ! ಇದು ಕೃಷ್ಣಮೃಗಗಳ ಪುರಾತನ ದಾರಿ ಅಂತ ನಾವು ಖಚಿತಪಡಿಸಿಕೊಂಡಿದ್ದೇವೆ. ನೂರು ವರ್ಷಕ್ಕೂ ಹಿಂದಿನದು. ನೀರಿಗೆ ಹೋಗುವ ಪ್ರಾಣಿಗಳ ಮೈಗೆ ಬೀಜ ಅಂಟಿ, ದಾರಿಯುದ್ದಕ್ಕೂ ಉದುರಿ, ಹೀಗೆ ಬೆಳೆದಿದೆ."

ಚಿನ್ನಕ್ಕ ಮುಂದೆ ಬಂದಳು. ಮುಖದಲ್ಲಿ ಏನೂ ಅರಿಯದ ಹಳ್ಳಿಯ ಹೆಂಗಸು.

"ಸ್ವಾಮಿ, ಹಂಗಾರೆ ಇದು ದಾರಿನೇ ಏನ್ರಿ?"

"ದಾರಿಯೇ ಅಮ್ಮ. ಅನುಮಾನವೇ ಇಲ್ಲ."

"ನಿಮ್ಮತ್ರ ಪುರಾವೆ ಐತೇನ್ರಿ?"

"ಪುರಾವೆಯೇ? ನೀವು ಅದರ ಮೇಲೇ ನಿಂತಿದ್ದೀರಲ್ಲ!" ಎಲ್ಲರೂ ನಕ್ಕರು. ವಿಶ್ವನಾಥರೂ ನಕ್ಕರು.

"ಎಲ್ಲಿಗ್ ಹೋಗ್ತೈತ್ರಿ ಈ ದಾರಿ?"

"ಗೋಕಟ್ಟೆಗೆ. ನೀರಿಗೆ."

"ಈ ದಾರೀಲಿ ತಲೆತಲಾಂತರದಿಂದ ಯಾರು ನೀರಿಗೆ ಹೋಗ್ತಿದ್ರೋ, ಅವ್ರಿಗೆ ಅಡ್ಡ ಹಾಕ್ಬೌದೇನ್ರಿ?"

"ಖಂಡಿತಾ ಕೂಡದು! ಅದು ಅವುಗಳ ಜನ್ಮಸಿದ್ಧ ಹಕ್ಕು. ಬರೆದುಕೊಳ್ಳಿ" ಎಂದು ಪತ್ರಿಕೆಯವರ ಕಡೆ ತಿರುಗಿದರು. ಇಬ್ಬರೂ ಬರೆದುಕೊಂಡರು.

ಚಿನ್ನಕ್ಕ ಸಂಚಿ ಬಿಚ್ಚಿದಳು. ಅಡಿಕೆ, ಎಲೆ, ಸುಣ್ಣದ ಡಬ್ಬಿ, ಗಂಡನ ಫೋಟೋ, ಅದರ ಕೆಳಗೆ ಕಾಗದ.

"ಗುಲ್ಷನಮ್ಮ, ಇದನ್ನೊಂದಿಷ್ಟು ಓದು."

ಗುಲ್ಷನ್ ಬೀ ಗಂಟಲು ಸರಿಮಾಡಿಕೊಂಡಳು. ಪದ ಪದ ಬಿಡಿಸಿ, ಬೇಲಿಯ ಆಚೆಗೂ ಕೇಳುವಂತೆ ಓದಿದಳು. ಸದರಿ. ಪ್ರದೇಶದಲ್ಲಿ. ಯಾವುದೇ. ದಾರಿ. ಇದ್ದ ಬಗ್ಗೆ. ಪುರಾವೆ. ಇರುವುದಿಲ್ಲ. "ಕೆಳಗೆ ಸಹಿ: ವಿಶ್ವನಾಥ್. ಅದು ತಾವೇ ಅಲ್ವಾ ಸಾಹೇಬರೇ?"

ಪತ್ರಿಕೆಯವರು ಅದನ್ನೂ ಬರೆದುಕೊಂಡರು.

"ಅದು ಬೇರೆ ವಿಷಯ" ಎಂದರು ವಿಶ್ವನಾಥ್. "ಇದು ಕೃಷ್ಣಮೃಗಗಳ ದಾರಿ. ಕುರಿಗಳದ್ದಲ್ಲ."

"ಜಿಂಕೆ ಮೈ ನುಣ್ಣಗಿರ್ತೈತಲ್ರಿ" ಎಂದಳು ಚಿನ್ನಕ್ಕ. "ಅದಕ್ಕೆ ಬೀಜ ಅಂಟಲ್ಲ. ಉಣ್ಣೆ ಇದ್ರೆ ಅಂಟ್ತೈತೆ. ಕಂಬಳಿ ಇದ್ರೆ ಅಂಟ್ತೈತೆ."

"ನೋಡಿ ಅಮ್ಮ, ಇದು ವಿಜ್ಞಾನ."

"ಸಾರ್" ಎಂದಳು ವಾಣಿಶ್ರೀ. "ಅವರು ಹೇಳೋದು ಸರಿ. ನನ್ನ ವರದಿ ತಪ್ಪು. ಜಿಂಕೆಗಳಲ್ಲ, ಇವರು. ಈಗ ತಾನೇ ನನ್ನ ಕಣ್ಣಾರೆ ನೋಡಿದೆ. ಇವರ ಕೈ ನೋಡಿ ಸಾರ್."

ಎಲ್ಲರೂ ನೋಡಿದರು. ಕಾಗದ ಕೊಟ್ಟ ಮೇಲೆ ಚಿನ್ನಕ್ಕನ ಬೆರಳುಗಳು ಮತ್ತೆ ಅದೇ ಕೆಲಸಕ್ಕೆ ಹತ್ತಿದ್ದವು. ಅವಳ ಕಾಲ ಸುತ್ತ ಬೀಜ ಬಿದ್ದಿತ್ತು.

ವಿಶ್ವನಾಥ್ ಕೆಟ್ಟವರೇನಲ್ಲ, ಆದರೆ ಬಹಳ ಚುರುಕಿನವರು. ಮುಖವೆಲ್ಲ ನಗು ಮಾಡಿಕೊಂಡು ಎರಡೂ ಕೈ ಚಾಚಿದರು. "ಅದ್ಭುತ! ಸಾಂಪ್ರದಾಯಿಕ ಜ್ಞಾನ! ನಿಮ್ಮ ಹೆಸರನ್ನು ನಮ್ಮ ಪ್ರಬಂಧದಲ್ಲಿ ಹಾಕುತ್ತೇವೆ. ಫೋಟೋನೂ ಹಾಕುತ್ತೇವೆ. ದಾರಿಯ ವಿಷಯಕ್ಕೆ ಒಂದು ಸಮಿತಿ ಮಾಡೋಣ, ಅದು ಒಂದೆರಡು ವರ್ಷದಲ್ಲಿ ವರದಿ ಕೊಡುತ್ತೆ. ಎಲ್ಲಿ, ಶಾಲು ತನ್ನಿ!"

ತಟ್ಟೆ ಬಂತು. ಜರಿಯಂಚಿನ ಶಾಲು ಬಿಚ್ಚಿಕೊಂಡಿತು. ಪತ್ರಿಕೆಯವರು ಕ್ಯಾಮೆರಾ ಎತ್ತಿದರು. ಶಾಲು ಚಿನ್ನಕ್ಕನ ಹೆಗಲಿಗೆ ತಾಗಿತು.

ಅವಳು ಅದನ್ನು ಕೈಯಲ್ಲಿ ಹಿಡಿದು ಕೆಳಗಿಳಿಸಿದಳು.

"ಬ್ಯಾಡ."

"ಅಮ್ಮಾ, ಇದು ಗೌರವ."

"ಗೇಟ್‌ನಾಗೆ ನನ್ ಕಂಬಳಿ ಕಿತ್ಕಂಡ್ರಿ. ರೋಗ ಐತೆ ಅಂದ್ರಿ. ಕಾಲು ತೊಳ್ಸಿದ್ರಿ. ಅದೇ ಹೆಗಲಿಗೆ ಈಗ ಶಾಲು ಹೊದಿಸ್ತೀರಾ?" ಅವಳ ದನಿಯಲ್ಲಿ ಈಗ ನಗುವಿರಲಿಲ್ಲ. "ಐದು ಕುರಿ ರಸ್ತೇಲಿ ಸತ್ತವು. ಒಂದರ ಹೊಟ್ಟೇಲಿ ಮರಿ ಒದೀತಿತ್ತು, ನನ್ ಅಂಗೈಗೆ ತಾಗ್ತಿತ್ತು. ನಿಮ್ ಸಮಿತಿ ಬರೋತಂಕ ಎಷ್ಟು ಸಾಯ್ಬೇಕು? ನನ್ ಹೆಸ್ರು ಬ್ಯಾಡ. ಫೋಟೋ ಬ್ಯಾಡ, ನಮ್ಮೋರ್ದು ತೆಗ್ದಿದ್ದೇ ಸಾಕು. ನಂಗೆ ದಾರಿ ಬೇಕು. ಐತೆ ಅಂತ ನಿಮ್ ಬಾಯಾಗೇ ಬಂತು. ಮುಗೀತು."

ಅವಳು ಶಾಲನ್ನು ಮಡಿಸಿ ತಟ್ಟೆಯಲ್ಲಿಟ್ಟಳು. ಬೆನ್ನು ತಿರುಗಿಸಿ, ಗೆರೆ ಹಿಡಿದು, ಪಡುವಣಕ್ಕೆ ನಡೆದಳು. ಬೇಲಿ ಅಲ್ಲಿಂದ ಕೂಗಳತೆ ದೂರ. ಗುಲ್ಷನ್ ಬೀ ಅವಳ ಹಿಂದೆ. ಗುಲ್ಷನ್ ಬೀ ಹಿಂದೆ ವಾಣಿಶ್ರೀ. ಮುಂದೇನಾಗುತ್ತದೋ ನೋಡೋಣ ಅಂತ ಬ್ಯಾಂಕಿನವರು, ಮೇಷ್ಟರುಗಳು, ಪತ್ರಿಕೆಯವರು. "ನಿಲ್ಲಿ, ನಿಲ್ಲಿ" ಎನ್ನುತ್ತ ವಿಶ್ವನಾಥ್.

ಗೆರೆ ಹೋಗಿ ಮುಟ್ಟಿದ್ದು ನಲವತ್ತಮೂರನೇ ಕಂಬಕ್ಕೆ. ಬೇಲಿಯ ಆಚೆ ನೂರಾ ಇಪ್ಪತ್ತು ಕುರಿ, ಅವುಗಳ ನಡುವೆ ಉಗ್ರಪ್ಪ, ಹೇಳಿದ ಹಾಗೆ ಸುಮ್ಮನೆ ನಿಂತಿದ್ದ. ಕುರಿಗಳ ನಾಲಿಗೆ ಒಣಗಿತ್ತು.

"ಓ ಮಾನವ ಹಸ್ತಕ್ಷೇಪ!" ಎಂದು ಕೂಗಿದಳು ಚಿನ್ನಕ್ಕ. "ಹಿಂದಕ್ ಸರಿ!"

ಅವನಿಗೆ ಏನೂ ಅರ್ಥವಾಗಲಿಲ್ಲ. ಆದರೂ ಸರಿದ.

ಚಿನ್ನಕ್ಕ ಸೆರಗು ಸೊಂಟಕ್ಕೆ ಸಿಗಿಸಿದಳು. ಕಬ್ಬಿಣದ ಕಂಬವನ್ನು ಎರಡೂ ಕೈಯಲ್ಲಿ ಹಿಡಿದಳು. ಹಿಂದೆ ಎಳೆದಳು. ಮುಂದೆ ತಳ್ಳಿದಳು. ಸಿಮೆಂಟು ಕರಕರ ಎಂದಿತು.

"ಏನಮ್ಮ ಮಾಡ್ತಿದೀರಿ? ಅದು ಧಾಮದ ಆಸ್ತಿ! ಕೇಸಾಗುತ್ತೆ!" ಎಂದು ವಿಶ್ವನಾಥ್ ಕೂಗಿದರು.

"ಹಾಕ್ರಿ. ನಾನೇ ನೆಟ್ಟಿದ್ದು, ನಾನೇ ಕೀಳ್ತೀನಿ. ನಾಲ್ಕು ಬೆರಳು ಆಳನೂ ಇಲ್ಲ, ನಿಲ್ಲಾಕಿಲ್ಲ ಅಂತ ಅವತ್ತೇ ಹೇಳಿದ್ದೆ. ಯಾರೂ ಕೇಳ್ಲಿಲ್ಲ."

ಕಂಬ ಎದ್ದು ಬಂತು. ಅದರ ಬುಡದಲ್ಲಿ ಒಂದು ರೊಟ್ಟಿಯಷ್ಟು ಸಿಮೆಂಟು ಅಂಟಿಕೊಂಡಿತ್ತು, ಅಷ್ಟೇ. ಪತ್ರಿಕೆಯವರು ಅದರ ಚಿತ್ರವನ್ನೂ ತೆಗೆದರು. ಗುಲ್ಷನ್ ಬೀ ನಲವತ್ತನಾಲ್ಕನೆಯದಕ್ಕೆ ಕೈ ಹಾಕಿದ್ದಳು. "ನಮ್ಮವರು ಮಾಡಿದ್ದಾದ್ರೆ ಅಲ್ಲಾಡ್ತಿರ್ಲಿಲ್ಲ ಸಾಹೇಬರೇ. ಇದು ಕಂಟ್ರಾಕ್ಟರ್ ಕೆಲಸ!" ನಲವತ್ತೈದನೆಯದನ್ನು ಯಾರೂ ಮುಟ್ಟುವ ಮೊದಲೇ ಜಾಲರಿಯ ಭಾರಕ್ಕೆ ತಾನೇ ಮಲಗಿತು.

ಚಿನ್ನಕ್ಕ ಅಂಗೈಯನ್ನು ಬಾಯಿಗೆ ಹಿಡಿದಳು. ಅವಳ ಮಾತು ಗಂಡನ ಜೊತೆ ಕನ್ನಡ, ಕುರಿಗಳ ಜೊತೆ ತವರಿನ ತೆಲುಗು. "ದಾ... ದಾ... ರಾವೇ ನಾ ತಲ್ಲೀ!" ಬಾರೇ ನನ್ನವ್ವಾ ಅಂತ.

ಮೊದಲು ಬಂದದ್ದು ಒಂದು ಕೊಂಬು ಮುರಿದ ಟಗರು. ಬಿದ್ದ ಜಾಲರಿಯನ್ನು ಮೂಸಿತು. ಹಾರಿತು. ಅದರ ಹಿಂದೆ ನೂರಾ ಹತ್ತೊಂಬತ್ತು. ಆರು ವರ್ಷವಾದರೂ ಮುದಿ ಕುರಿಗಳು ದಾರಿ ಮರೆತಿರಲಿಲ್ಲ. ಮರಿಗಳಿಗೆ ಹೇಳಿಕೊಡಬೇಕಾಗಿಯೂ ಇರಲಿಲ್ಲ. ಅಂಟುಹುಲ್ಲಿನ ಗೆರೆಯಲ್ಲಿ, ಅತ್ತ ಇತ್ತ ಒಂದು ಬಾಯಿ ಹಾಕದೆ, ಮಂದೆ ನೀರಿನ ಕಡೆ ಹೊರಟಿತು. ಬ್ಯಾಂಕಿನವರ ಮಕ್ಕಳು ಚಪ್ಪಾಳೆ ಹೊಡೆದರು. ಜಿಂಕೆ ಕಂಡಾಗ ಅವರು ಅಷ್ಟು ಕುಣಿದಿರಲಿಲ್ಲ.

ವಿಶ್ವನಾಥ್ ಫೋನು ಕಿವಿಗಿಟ್ಟುಕೊಂಡು ಓಡುತ್ತಿದ್ದರು. "ಚಿನ್ನಯ್ಯ! ಗೇಟು ಹಾಕು! ಒಂದು ಕುರಿಯೂ ಹೊರಗೆ ಹೋಗಬಾರದು!"

ಚಿನ್ನಯ್ಯ ಗೇಟು ಹಾಕಿದ್ದ. ಮಂದೆ ಬಂದು ಗೇಟಿಗೆ ಒತ್ತಿ ನಿಂತಿತು. ಆಚೆ ನೀರು, ಈಚೆ ಬಾಯಾರಿದ ನೂರಾ ಇಪ್ಪತ್ತು ಬಾಯಿ. ಎಲ್ಲವೂ ಒಟ್ಟಿಗೆ ಅರಚತೊಡಗಿದವು. ಚಿನ್ನಕ್ಕ ಅವುಗಳ ನಡುವೆ ದಾರಿ ಮಾಡಿಕೊಂಡು ಬಂದಳು. ಗೂಟದಿಂದ ತನ್ನ ಕಂಬಳಿ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡಳು. ಕೋಲು ತೆಗೆದುಕೊಂಡಳು.

"ಗೇಟು ತೆಗಿ ಚಿನ್ನಯ್ಯ."

"ಅತ್ತಿಗೆ, ನನ್ ಕೆಲ್ಸ ಹೋಗ್ತೈತೆ." ಅವನ ಕಣ್ಣು ತುಂಬಿತ್ತು. ಕೈಯಲ್ಲಿದ್ದ ಫೋನು ಇನ್ನೂ ಕೂಗುತ್ತಿತ್ತು. ಗೋಡೆಯ ಬೋರ್ಡು ತೋರಿಸಿದ. "ಒಂದು ಬೀಜನೂ ಹೊರಗ್ ಹೋಗಂಗಿಲ್ಲ ಅಂತ ರೂಲ್ಸ್ ಐತೆ."

ಚಿನ್ನಕ್ಕ ಮಂದೆಯ ಕಡೆ ನೋಡಿದಳು. ಮೂತಿಯಿಂದ ಬಾಲದವರೆಗೆ, ಕಿವಿಯ ಸಂದಿಯಲ್ಲಿ, ಹೊಟ್ಟೆಯ ಕೆಳಗೆ, ನೂರಾ ಇಪ್ಪತ್ತು ಮೈಯ ಉಣ್ಣೆಯ ತುಂಬ ಅಂಟುಹುಲ್ಲಿನ ಬೀಜ. ಅವಳು ಚಿನ್ನಯ್ಯನ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತು, ಕಾಲು ಮೇಲೆ ಕಾಲು ಹಾಕಿ, ಸಂಚಿ ಬಿಚ್ಚಿ ಎಲೆಗೆ ಸುಣ್ಣ ಸವರತೊಡಗಿದಳು.

"ರೂಲ್ಸ್ ಅಂದ್ಮೇಲೆ ರೂಲ್ಸು. ನಿನ್ ಡ್ಯೂಟಿ ನೀನ್ ಮಾಡು, ನಾ ಕಾಯ್ತೀನಿ. ಆ ಕೊಂಬು ಮುರಿದ ಟಗರಿಂದ ಶುರು ಮಾಡು. ಬಗಲಲ್ಲಿ ಮೆಲ್ಲಗೆ, ಅದಕ್ಕೆ ಕಚಗುಳಿ ಜಾಸ್ತಿ."

ಚಿನ್ನಯ್ಯ ಟಗರಿನ ಮುಂದೆ ಮೊಣಕಾಲೂರಿದ. ಅದರ ಕತ್ತಿನಿಂದ ಒಂದು ಬೀಜ ಬಿಡಿಸಿದ. ಬಿಡಿಸಿದ ರೀತಿ ಅವನ ಅವ್ವ ಹೇಳಿಕೊಟ್ಟದ್ದೇ, ಎರಡು ಬೆರಳಲ್ಲಿ ತಿರುವಿ, ಉಣ್ಣೆಗೆ ನೋವಾಗದ ಹಾಗೆ. ಅಂಗೈಯಲ್ಲಿಟ್ಟುಕೊಂಡು ನೋಡಿದ. ಪಕ್ಕದಲ್ಲೇ ಡಬ್ಬಿಯಿತ್ತು. ಬೀಜವನ್ನು ಕಾಲಡಿಯ ನೆಲಕ್ಕೆ, ದಾರಿಗೆ ಹಾಕಿದ. ಎದ್ದು ನಿಂತು, ನೀಲಿ ಅಂಗಿಗೆ ಕೈ ಒರೆಸಿಕೊಂಡು, ರಸೂಲ್ ಸಾಬ್ ಮಾಡಿದ ಗೇಟಿನ ಅಗಳಿ ಎಳೆದ.